ಒಂದು ಔಷಧಿಗೆ ದುಡ್ಡು ಹಾಕೋರಿಲ್ಲ, ನೂರೈವತ್ತಕ್ಕೆ ಹಾಕ್ತಾರಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರಿಗೂ, ಕಂಬಿ ಹಿಡ್ಕೊಂಡು ನಿಂತೇ ಕೇಳ್ತಿರೋರಿಗೂ ಸ್ವಾಗತ. ಇವತ್ತು ಒಂದು ಸಂಶೋಧನಾ ಪ್ರಬಂಧದ ಬಗ್ಗೆ ಮಾತಾಡೋಣ. ‘ಅಯ್ಯೋ, ಪ್ರಬಂಧನಾ’ ಅಂತ ಸ್ಕಿಪ್ ಮಾಡ್ಬೇಡಿ. ಇದರಲ್ಲಿ ದುಡ್ಡಿದೆ, ಕ್ಯಾನ್ಸರ್ ಇದೆ, ಜೂಜುಕಟ್ಟೆಯ ಹೆಸರಿಟ್ಟುಕೊಂಡ ಒಂದು ಗಣಿತ ಇದೆ. ಜೊತೆಗೆ 2008ರಲ್ಲಿ ಪ್ರಪಂಚದ ದೊಡ್ಡ ದೊಡ್ಡ ಬ್ಯಾಂಕುಗಳನ್ನ ಅಲುಗಾಡಿಸಿದ ಒಂದು ಉಪಾಯವೂ ಇದೆ.

ಪ್ರಶ್ನೆ ಇಷ್ಟೇ. ಕ್ಯಾನ್ಸರ್‌ಗೆ ಹೊಸ ಔಷಧಿ ಹುಡುಕೋ ವಿಜ್ಞಾನಿಗಳಿದ್ದಾರೆ. ಅವರ ಹತ್ತಿರ ಐಡಿಯಾಗಳಿವೆ. ಪ್ರಪಂಚದಲ್ಲಿ ದುಡ್ಡೂ ಬೇಕಾದಷ್ಟಿದೆ. ಆದರೂ ಎಷ್ಟೋ ಐಡಿಯಾಗಳು ಪ್ರಯೋಗಾಲಯದ ಬಾಗಿಲು ದಾಟಿ ಆಸ್ಪತ್ರೆಯ ಬಾಗಿಲಿಗೆ ಬರೋದೇ ಇಲ್ಲ. ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಡಾಕ್ಟರೂ ಅಲ್ಲ, ಜೀವವಿಜ್ಞಾನಿಯೂ ಅಲ್ಲ. ಆಂಡ್ರ್ಯೂ ಲೋ ಅಂತ, ಅಮೆರಿಕದ ಎಂಐಟಿಯಲ್ಲಿ ಫೈನಾನ್ಸ್ ಪ್ರೊಫೆಸರ್. ಷೇರುಪೇಟೆ, ಹೆಡ್ಜ್ ಫಂಡ್, ಇಂಥದ್ದರ ಬಗ್ಗೆ ಬರೆದು ಹೆಸರು ಮಾಡಿದವರು. ಅವರ ತಾಯಿ ಮತ್ತು ಕೆಲವು ಆಪ್ತರು ಕ್ಯಾನ್ಸರ್‌ಗೆ ತುತ್ತಾದ ಮೇಲೆ ಈ ಕಡೆ ಗಮನ ಹರಿಯಿತು ಅಂತ ಅವರೇ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. 2012ರಲ್ಲಿ ಅವರು, ಹೋಸೆ ಮರಿಯಾ ಫರ್ನಾಂಡಿಸ್ ಮತ್ತು ರೋಜರ್ ಸ್ಟೈನ್ ಸೇರಿ ‘ನೇಚರ್ ಬಯೊಟೆಕ್ನಾಲಜಿ’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಜ್ಞಾನದ ಪತ್ರಿಕೆಯಲ್ಲಿ ಬ್ಯಾಂಕಿನವರ ಭಾಷೆ. ಈ ಬೆರಕೆಯೇ ನನ್ನನ್ನ ಮೊದಲು ಎಳೆದದ್ದು.

ಮೊದಲು ಔಷಧಿ ಹೇಗೆ ಹುಟ್ಟುತ್ತೆ ನೋಡೋಣ. ಪ್ರಯೋಗಾಲಯದಲ್ಲಿ ಒಂದು ಅಣು ಕೆಲಸ ಮಾಡೋ ಹಾಗೆ ಕಾಣುತ್ತೆ. ಅದನ್ನ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಾರೆ. ಆಮೇಲೆ ಮನುಷ್ಯರ ಮೇಲೆ ಮೂರು ಹಂತ. ಮೊದಲನೇ ಹಂತದಲ್ಲಿ ಸಾಮಾನ್ಯವಾಗಿ ಕೆಲವೇ ಜನರ ಮೇಲೆ, ಮುಖ್ಯವಾಗಿ ಅಪಾಯ ಇದೆಯಾ ಅಂತ. ಎರಡನೇ ಹಂತದಲ್ಲಿ, ರೋಗದ ಮೇಲೆ ನಿಜವಾಗಲೂ ಕೆಲಸ ಮಾಡ್ತಾ ಅಂತ. ಮೂರನೇ ಹಂತದಲ್ಲಿ ನೂರಾರು ಅಥವಾ ಸಾವಿರಾರು ರೋಗಿಗಳ ಮೇಲೆ, ಈಗಿರೋ ಚಿಕಿತ್ಸೆ ಅಥವಾ ಹುಸಿ ಮಾತ್ರೆ ಜೊತೆ ಹೋಲಿಸಿ. ಆಮೇಲೆ ಸರ್ಕಾರಿ ಅನುಮತಿ. ಇಷ್ಟೆಲ್ಲ ಆಗೋಕೆ ಹತ್ತು ವರ್ಷ ಅಂದ್ರೆ ಬೇಗ ಮುಗೀತು ಅಂತ ಅರ್ಥ.

ಗೆಲ್ಲೋ ಅವಕಾಶ ಎಷ್ಟು? ಲೋ ಅವರ ತಂಡವೇ 2019ರಲ್ಲಿ ಇನ್ನೊಂದು ಪ್ರಬಂಧದಲ್ಲಿ ಇದನ್ನ ಲೆಕ್ಕ ಹಾಕಿತು. 2000ದಿಂದ 2015ರವರೆಗಿನ 21,000ಕ್ಕೂ ಹೆಚ್ಚು ಅಣುಗಳ ಪರೀಕ್ಷೆಗಳ ದಾಖಲೆ ಜಾಲಾಡಿದರು. ಮೊದಲನೇ ಹಂತಕ್ಕೆ ಕಾಲಿಟ್ಟ ಔಷಧಿ ಕೊನೆಗೆ ಅನುಮತಿ ಪಡೆಯುವ ಸಾಧ್ಯತೆ ಒಟ್ಟಾರೆ ಶೇ 13.8. ಕ್ಯಾನ್ಸರ್ ಔಷಧಿಗಳಿಗೆ ಶೇ 3.4. ಅಂದ್ರೆ ನೂರರಲ್ಲಿ ಮೂರೋ ನಾಲ್ಕೋ.

ಈಗ ದುಡ್ಡು ಹಾಕೋರ ಜಾಗದಲ್ಲಿ ಕೂತು ನೋಡಿ. ಶುರುವಿನ ಮೂಲ ಸಂಶೋಧನೆಗೆ ಸರ್ಕಾರ ಅನುದಾನ ಕೊಡುತ್ತೆ. ಕೊನೆಯ ಹಂತ ತಲುಪಿದ್ದನ್ನ ದೊಡ್ಡ ಔಷಧಿ ಕಂಪನಿಗಳು ಮುಗಿಬಿದ್ದು ಕೊಳ್ಳುತ್ತವೆ. ನಡುವೆ ಇರೋ ದಾರಿಗೆ ಆ ಕ್ಷೇತ್ರದವರು ಇಟ್ಟಿರೋ ಹೆಸರು ‘ಸಾವಿನ ಕಣಿವೆ’. ಅಲ್ಲಿ ಸಾಯೋದು ಐಡಿಯಾ. ಆದರೆ ಆ ಔಷಧಿಗಾಗಿ ಕಾಯುತ್ತಿದ್ದ ರೋಗಿಗಳನ್ನ ನೆನೆಸಿಕೊಂಡರೆ ಆ ಹೆಸರು ಬರೀ ರೂಪಕ ಅಂತ ಅನ್ನಿಸಲ್ಲ.

ವೆಂಚರ್ ಕ್ಯಾಪಿಟಲ್ ಅಂದ್ರೆ ಸ್ಟಾರ್ಟಪ್‌ಗೆ ದುಡ್ಡು ಕೊಡೋರು ಇದ್ದಾರಲ್ಲ ಅಂತೀರಾ? ಇದ್ದಾರೆ. ಆದರೆ ಅವರ ಫಂಡುಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ. ಅಷ್ಟರೊಳಗೆ ದುಡ್ಡು ಬೆಳೆಸಿ ವಾಪಸ್ ಕೊಡಬೇಕು. ಹತ್ತು ವರ್ಷ ಆದರೂ ಫಲ ಬಿಡದ ಮರಕ್ಕೆ ನೀರು ಹಾಕೋ ತಾಳ್ಮೆ ಅವರಿಗೆ ಎಲ್ಲಿಂದ ಬರಬೇಕು. ಅದೇ ದುಡ್ಡನ್ನ ಒಂದು ಆ್ಯಪ್‌ಗೆ ಹಾಕಿದರೆ ಎರಡು ವರ್ಷದಲ್ಲಿ ಹಣೆಬರಹ ಗೊತ್ತಾಗುತ್ತೆ.

ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ನಾನು ಇದನ್ನ ಹೆಚ್ಚು ವಿವರಿಸಬೇಕಾಗಿಲ್ಲ. ಬೋರ್‌ವೆಲ್ ಕೊರೆಸೋದು ಗೊತ್ತಲ್ಲ? ಒಬ್ಬ ರೈತ ಸಾಲ ಮಾಡಿ, ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸೋರನ್ನ ಕರೆಸಿ, ಸಾವಿರ ಅಡಿ ಕೊರೆಸ್ತಾನೆ. ನೀರು ಬಿದ್ದರೆ ತೋಟ, ಬೀಳದಿದ್ದರೆ ಬರೀ ಧೂಳು ಮತ್ತು ಬಡ್ಡಿ. ಒಬ್ಬನೇ ಒಂದೇ ಬೋರಿಗೆ ಎಲ್ಲ ಸುರಿದರೆ ಅದು ಜೂಜು. ಅದೇ ಇಪ್ಪತ್ತು ಜನ ಸೇರಿ, ಇಪ್ಪತ್ತು ಬೇರೆ ಬೇರೆ ಊರಲ್ಲಿ ಇಪ್ಪತ್ತು ಬೋರ್ ಕೊರೆಸಿ, ನೀರು ಬಿದ್ದದ್ದರ ಆದಾಯವನ್ನ ಎಲ್ಲರೂ ಹಂಚಿಕೊಂಡರೆ? ಯಾರಿಗೂ ಲಾಟರಿ ಹೊಡೆಯಲ್ಲ, ಆದರೆ ಯಾರೂ ಊರು ಬಿಟ್ಟು ಹೋಗಬೇಕಾಗಿಲ್ಲ.

ಲೋ ಅವರ ಪ್ರಸ್ತಾಪದ ಅರ್ಧ ಭಾಗ ಇಷ್ಟೇ. ಹೆಸರು ಮಾತ್ರ ಜೋರಾಗಿದೆ, ‘ಮೆಗಾಫಂಡ್’.

ಅವರು ಕೊಡೋ ಸರಳ ಲೆಕ್ಕ ಹೀಗಿದೆ. ಒಂದು ಔಷಧಿಗೆ 20 ಕೋಟಿ ಡಾಲರ್ ಖರ್ಚು. ಹತ್ತು ವರ್ಷ ಕಾಯಬೇಕು. ಗೆಲ್ಲೋ ಸಾಧ್ಯತೆ ಶೇ 5, ಅಂದ್ರೆ ಇಪ್ಪತ್ತರಲ್ಲಿ ಒಂದು. ಗೆದ್ದರೆ, ಪೇಟೆಂಟ್ ಇರೋ ಹತ್ತು ವರ್ಷ ವರ್ಷಕ್ಕೆ 200 ಕೋಟಿ ಡಾಲರ್ ಲಾಭ. ಆ ಮುಂದಿನ ಆದಾಯವನ್ನೆಲ್ಲ ಶೇ 10ರ ದರದಲ್ಲಿ ಕಳೆದು, ಅನುಮತಿ ಸಿಕ್ಕ ದಿನದ ಬೆಲೆಗೆ ತಂದರೆ ಸುಮಾರು 1,230 ಕೋಟಿ ಡಾಲರ್. ಸರಾಸರಿ ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 12ರ ಹತ್ತಿರ ಲಾಭ ಬರುತ್ತೆ, ಚೆನ್ನಾಗೇ ಇದೆ. ಆದರೆ ಸರಾಸರಿ ಯಾರ ಜೇಬಿಗೂ ಬರಲ್ಲ. ನೂರರಲ್ಲಿ 95 ಸಲ ಪೂರ್ತಿ 20 ಕೋಟಿ ಮಣ್ಣು.

ಈಗ ಅಂಥವು 150 ತಗೊಳ್ಳಿ. ಖರ್ಚು 3,000 ಕೋಟಿ ಡಾಲರ್. ಒಂದು ಬಿಲಿಯನ್ ಅಂದ್ರೆ 100 ಕೋಟಿ, ಹಾಗಾಗಿ ಇದು 30 ಬಿಲಿಯನ್. ಸರಾಸರಿ ಏಳೆಂಟು ಔಷಧಿ ಗೆಲ್ಲಬೇಕು. ಒಂದೂ ಗೆಲ್ಲದೇ ಇರೋ ಸಾಧ್ಯತೆ ಸುಮಾರು 2,200ರಲ್ಲಿ ಒಂದು. ಕನಿಷ್ಠ ಮೂರಾದರೂ ಗೆಲ್ಲೋ ಸಾಧ್ಯತೆ ಶೇ 98. ಮೂರು ಗೆದ್ದರೆ 3,690 ಕೋಟಿ ಬಂತು, ಅಸಲು ಉಳೀತು. ಬಿಡಿಬಿಡಿಯಾಗಿ ಹುಚ್ಚು ಜೂಜು ಅನ್ನಿಸಿದ್ದು, ಒಟ್ಟಿಗೆ ಕಟ್ಟಿದಾಗ ಅಸಲಿಗೆ ಮೋಸವಿಲ್ಲದ ವ್ಯವಹಾರ ಆಯ್ತು. ವಿಜ್ಞಾನ ಒಂದಿಂಚೂ ಬದಲಾಗಿಲ್ಲ, ಔಷಧಿ ಒಂದಿಷ್ಟೂ ಉತ್ತಮ ಆಗಿಲ್ಲ. ಬದಲಾಗಿದ್ದು ಕಟ್ಟಿದ ರೀತಿ ಮಾತ್ರ.

ಸರಿ, 30 ಬಿಲಿಯನ್ ಡಾಲರ್ ಕೊಡೋರ್ಯಾರು? ಇಲ್ಲಿದೆ ಪ್ರಸ್ತಾಪದ ಇನ್ನರ್ಧ. ಷೇರು ಮಾರಿ ಇಷ್ಟು ದುಡ್ಡು ಎತ್ತೋದು ಕಷ್ಟ. ಆದರೆ ಸಾಲದ ಪೇಟೆ, ಅಂದ್ರೆ ಬಾಂಡ್‌ಗಳ ಪೇಟೆ, ತುಂಬ ದೊಡ್ಡದು. ಅಲ್ಲಿರೋದು ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು. ಅವರಿಗೆ ಹತ್ತುಪಟ್ಟು ಲಾಭದ ಆಸೆ ಇಲ್ಲ. ಇಪ್ಪತ್ತು ವರ್ಷ ಆದಮೇಲೆ ಪಿಂಚಣಿ ಕೊಡೋಕೆ ಅಸಲು ಮತ್ತು ಹದವಾದ ಬಡ್ಡಿ ಗ್ಯಾರಂಟಿ ಬೇಕು. ಒಂದೇ ಔಷಧಿ ಇಟ್ಕೊಂಡು ಸಾಲ ಕೇಳಿದರೆ ಯಾರೂ ಕೊಡಲ್ಲ. ನೂರೈವತ್ತು ಇದ್ದರೆ ಕೇಳಬಹುದು.

ಈ ದುಡ್ಡನ್ನ ಪದರ ಪದರವಾಗಿ ಹಂಚುತ್ತಾರೆ. ಕಾಲುವೆ ನೀರಾವರಿ ಇರೋ ಊರಿನವರಿಗೆ ಇದು ತಕ್ಷಣ ಗೊತ್ತಾಗುತ್ತೆ. ಅಣೆಕಟ್ಟಿಗೆ ಹತ್ತಿರ ಇರೋ ಗದ್ದೆಗೆ ನೀರು ಮೊದಲು, ಕೊನೆಯಂಚಿನ ರೈತನಿಗೆ ಉಳಿದದ್ದು. ಇಲ್ಲೂ ಅಷ್ಟೇ. ಗೆದ್ದ ಔಷಧಿಗಳಿಂದ ಬರೋ ಹಣ ಮೊದಲ ಪದರದ ಸಾಲಗಾರರಿಗೆ, ಆಮೇಲೆ ಎರಡನೇ ಪದರದವರಿಗೆ, ಎಲ್ಲ ಮುಗಿದ ಮೇಲೆ ಷೇರುದಾರರಿಗೆ. ಸಾಲಗಾರರು ಅಂದ್ರೆ ಇಲ್ಲಿ ಸಾಲ ಕೊಟ್ಟವರು, ಗೊಂದಲ ಮಾಡ್ಕೋಬೇಡಿ. ಒಂದೇ ವ್ಯತ್ಯಾಸ: ಮೇಲಿನ ಗದ್ದೆಯವನಿಗೆ ಇಲ್ಲಿ ಅಳತೆ ಇದೆ, ಅವನ ಪಾಲು ತುಂಬಿದ ಮೇಲೆ ಒಂದು ಹನಿಯೂ ಹೆಚ್ಚಿಗೆ ಸಿಗಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಮಿಕ್ಕಿದ್ದೆಲ್ಲ ಕೊನೆಯಂಚಿನವನದ್ದೇ. ಬರ ಬಂದರೆ ಒಣಗೋದೂ ಅವನೇ ಮೊದಲು.

ಈಗ ಬರುತ್ತೆ ಕಂಪ್ಯೂಟರ್. ಇಷ್ಟು ದೊಡ್ಡ ಫಂಡ್ ಕಟ್ಟಿ, ಇಪ್ಪತ್ತು ವರ್ಷ ಕಾದು, ‘ಓ, ಕೆಲಸ ಮಾಡ್ತು’ ಅಂತ ನೋಡೋಕಾಗಲ್ಲ. ಮತ್ತೆ ನಾನು ಹೇಳಿದ ಲೆಕ್ಕ ತುಂಬ ಸರಳ ಮಾಡಿದ್ದು. ನಿಜದಲ್ಲಿ ಒಂದು ಔಷಧಿ ಎರಡನೇ ಹಂತದಲ್ಲಿ ಸೋಲುತ್ತೆ, ಇನ್ನೊಂದು ಮೂರನೇ ಹಂತದ ಬಾಗಿಲಲ್ಲಿ ಒಳ್ಳೆ ಬೆಲೆಗೆ ಮಾರಾಟ ಆಗುತ್ತೆ, ಮತ್ತೊಂದಕ್ಕೆ ಅನುಮತಿ ತಡವಾಗುತ್ತೆ, ಅಷ್ಟರಲ್ಲಿ ಬಡ್ಡಿ ಕಟ್ಟೋ ದಿನ ಬಂದಿರುತ್ತೆ. ಇದನ್ನೆಲ್ಲ ಒಂದು ಸೂತ್ರದಲ್ಲಿ ಹಿಡಿಯೋಕೆ ಆಗಲ್ಲ. ಹಾಗಾಗಿ ಅವರು ಮಾಡಿದ್ದು ಮಾಂಟೆ ಕಾರ್ಲೊ ಸಿಮ್ಯುಲೇಷನ್.

ಈ ಹೆಸರಿನ ಕತೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. 1946. ಸ್ಟಾನಿಸ್ಲಾವ್ ಉಲಾಮ್ ಅಂತ ಗಣಿತಜ್ಞ, ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಯೋಜನೆಯಲ್ಲಿದ್ದವರು. ಮಿದುಳಿನ ಉರಿಯೂತ ಆಗಿ, ಚೇತರಿಸಿಕೊಳ್ತಾ, ಒಬ್ಬರೇ ಕೂತು ಇಸ್ಪೀಟಿನ ಸಾಲಿಟೇರ್ ಆಡ್ತಿದ್ದರು. ಈ ಆಟ ಪೂರ್ತಿಯಾಗೋ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕೋಕೆ ಹೋದರು, ಅದು ಬಗೆಹರಿಯಲಿಲ್ಲ. ಆಗ ಹೊಳೆದದ್ದು, ಲೆಕ್ಕ ಯಾಕೆ, ನೂರು ಸಲ ಆಡಿ ಎಷ್ಟು ಸಲ ಗೆದ್ದೆ ಅಂತ ಎಣಿಸಿದರೆ ಆಯ್ತಲ್ಲ! ಹೊಸದಾಗಿ ಬಂದಿದ್ದ ಕಂಪ್ಯೂಟರ್ ಕೈಲಿ ಆಡಿಸಿದರೆ ಇನ್ನೂ ಬೇಗ. ಇದನ್ನ ಜಾನ್ ವಾನ್ ನ್ಯೂಮನ್‌ಗೆ ಹೇಳಿದರು, ಅವರು ನ್ಯೂಟ್ರಾನ್‌ಗಳ ಓಡಾಟದ ಲೆಕ್ಕಕ್ಕೆ ಅದನ್ನ ಬಳಸೋ ಯೋಜನೆ ಬರೆದರು. ಜೂಜಾಡೋಕೆ ಮಾಂಟೆ ಕಾರ್ಲೊಗೆ ಹೋಗಲೇಬೇಕು ಅಂತ ನೆಂಟರ ಹತ್ತಿರ ಸಾಲ ಕೇಳ್ತಿದ್ದ ಉಲಾಮ್‌ರ ಚಿಕ್ಕಪ್ಪ ಒಬ್ಬರಿದ್ದರಂತೆ. ಸಹೋದ್ಯೋಗಿ ನಿಕೊಲಾಸ್ ಮೆಟ್ರೊಪೊಲಿಸ್ ಆ ಊರಿನ ಹೆಸರನ್ನೇ ಇಟ್ಟರು. 1949ರಲ್ಲಿ ಇಬ್ಬರೂ ಸೇರಿ ಅದೇ ಹೆಸರಲ್ಲಿ ಪ್ರಬಂಧ ಬರೆದರು. 1977ರಲ್ಲಿ ಫೆಲಿಮ್ ಬಾಯ್ಲ್ ಇದನ್ನ ಷೇರುಪೇಟೆಯ ಆಪ್ಷನ್‌ಗಳ ಬೆಲೆ ಕಟ್ಟೋಕೆ ತಂದರು. ಕ್ಯಾನ್ಸರ್ ರೋಗಿಗೆ ವಿಕಿರಣ ಕೊಡುವಾಗ ಯಾವ ಅಂಗಕ್ಕೆ ಎಷ್ಟು ಬೀಳುತ್ತೆ ಅನ್ನೋ ಲೆಕ್ಕಕ್ಕೂ ಇದೇ ವಿಧಾನ ಬಳಸ್ತಾರೆ. ನೆಂಟರಿಗೆ ಕಾಟ ಕೊಟ್ಟ ಚಿಕ್ಕಪ್ಪನ ಜೂಜಿನ ಊರಿನ ಹೆಸರು ಎಲ್ಲೆಲ್ಲಿ ಓಡಾಡ್ತಿದೆ ನೋಡಿ.

ನೀವೂ ಮಾಡಬಹುದು. ಇಪ್ಪತ್ತು ಚೀಟಿ ಬರೀರಿ, ಒಂದರ ಮೇಲೆ ಮಾತ್ರ ಗುರುತು ಹಾಕಿ, ಡಬ್ಬಿಗೆ ಹಾಕಿ ಕಲಕಿ. ಒಂದು ಎತ್ತಿ, ನೋಡಿ, ವಾಪಸ್ ಹಾಕಿ. ಹೀಗೆ 150 ಸಲ. ಎಷ್ಟು ಸಲ ಗುರುತಿನ ಚೀಟಿ ಬಂತೋ ಅಷ್ಟು ಔಷಧಿ ಗೆದ್ದ ಹಾಗೆ. ಅದು ಒಂದು ಆಟ. ಇನ್ನು ಇದನ್ನ ಹತ್ತು ಸಾವಿರ ಸಲ ಮಾಡಿ. ಕೈ ನೋವು ಬರುತ್ತೆ ಅಂದ್ರೆ ಫೋನಿನ ಸ್ಪ್ರೆಡ್‌ಶೀಟ್ ಆ್ಯಪ್‌ನಲ್ಲಿ ಸೊನ್ನೆಯಿಂದ ಒಂದರವರೆಗಿನ ಯಾದೃಚ್ಛಿಕ ಸಂಖ್ಯೆ ಕೊಡೋ ಫಂಕ್ಷನ್ ಇದೆ. 150 ಕೋಣೆಗೆ ಅದನ್ನ ಹಾಕಿ, 0.05ಕ್ಕಿಂತ ಕಡಿಮೆ ಬಂದವನ್ನ ಎಣಿಸಿ. ನಾನು ಮಾಡಿ ನೋಡಿದೆ. ಒಮ್ಮೆ 9 ಬಂತು, ಮತ್ತೊಮ್ಮೆ 4. ಆ ಏರಿಳಿತವನ್ನ ಕಣ್ಣಾರೆ ನೋಡಿದ ಮೇಲೆ ‘ಸರಾಸರಿ 7.5’ ಅನ್ನೋ ಮಾತಿಗೆ ಬೇರೆಯದೇ ಅರ್ಥ ಬರುತ್ತೆ. ಒಂದು ಎಚ್ಚರಿಕೆ: ಈ ವಿಧಾನದಲ್ಲಿ ಉತ್ತರ ಹತ್ತುಪಟ್ಟು ನಿಖರ ಆಗ್ಬೇಕು ಅಂದ್ರೆ ಆಟ ನೂರುಪಟ್ಟು ಆಡಬೇಕು. ಅದಕ್ಕೇ ಇದು ಕಂಪ್ಯೂಟರ್ ಬರೋವರೆಗೂ ಮೂಲೇಲಿ ಬಿದ್ದಿತ್ತು.

ಲೋ ತಂಡದ ಆಟದಲ್ಲಿ ಪ್ರತಿ ಔಷಧಿಗೂ ಒಂದೊಂದು ಮನೆ ಇರುತ್ತೆ, ನಮ್ಮ ಚೌಕಾಬಾರದ ಹಾಗೆ. ಪ್ರಯೋಗಾಲಯ, ಒಂದನೇ ಹಂತ, ಎರಡನೇ ಹಂತ, ಹೀಗೆ. ಪ್ರತಿ ಸುತ್ತಿಗೂ ಅದು ಇದ್ದಲ್ಲೇ ಇರಬಹುದು, ಮುಂದಿನ ಮನೆಗೆ ಹೋಗಬಹುದು, ಅಥವಾ ಆಟದಿಂದಲೇ ಹೊರಗೆ. ಎಷ್ಟು ಸಾಧ್ಯತೆ ಅನ್ನೋದನ್ನ 1990ರಿಂದ 2011ರವರೆಗಿನ ಕ್ಯಾನ್ಸರ್ ಔಷಧಿಗಳ ನಿಜವಾದ ಇತಿಹಾಸದಿಂದ ತೆಗೆದುಕೊಂಡರು. ಪ್ರತಿ ಮನೆಗೂ ಖರ್ಚು, ಪ್ರತಿ ಮನೆಯಲ್ಲೂ ಮಾರಿದರೆ ಎಷ್ಟು ಬೆಲೆ ಅನ್ನೋದೂ ಸೇರಿಸಿದರು. ಬಡ್ಡಿ ಕಟ್ಟೋ ದಿನ, ದುಡ್ಡು ಸಾಲದಿದ್ದರೆ ಯಾವ ಔಷಧಿ ಮಾರಬೇಕು, ಎಲ್ಲ ನಿಯಮ ಬರೆದು ಮತ್ತೆ ಮತ್ತೆ ಓಡಿಸಿದರು. ಬಂದ ಉತ್ತರ: 5ರಿಂದ 15 ಬಿಲಿಯನ್ ಡಾಲರ್‌ನ ಫಂಡ್ ಆದರೆ ಸಾಲ ಕೊಟ್ಟವರಿಗೆ ಶೇ 5ರಿಂದ 8, ಷೇರುದಾರರಿಗೆ ಸರಾಸರಿ ಶೇ 8.9ರಿಂದ 11.4. ವೆಂಚರ್ ಕ್ಯಾಪಿಟಲ್‌ನವರು ಮೂಗು ಮುರಿಯೋ ಲಾಭ. ಪಿಂಚಣಿ ನಿಧಿಗಳಿಗೆ ಖುಷಿಯ ಲಾಭ.

ಇಲ್ಲಿಗೆ ನಿಮ್ಮಲ್ಲಿ ಕೆಲವರಿಗೆ ಮೈ ಜುಮ್ಮೆಂದಿರಬೇಕು. ಬಿಡಿ ಬಿಡಿಯಾಗಿ ಅಪಾಯಕಾರಿ ಆಗಿರೋ ಸಾಲಗಳನ್ನ ಗಂಟು ಕಟ್ಟೋದು, ಪದರ ಮಾಡೋದು, ಮೇಲಿನ ಪದರಕ್ಕೆ ‘ಭದ್ರ’ ಅಂತ ಮುದ್ರೆ ಒತ್ತೋದು. ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ಇದೇ ಕೆಲಸವನ್ನ ಅಮೆರಿಕದ ಗೃಹಸಾಲಗಳ ಮೇಲೆ ಮಾಡಿದರು, ಅದು 2008ರಲ್ಲಿ ಕುಸಿದು ಬಿತ್ತು. ಪ್ರಬಂಧದ ಮೂವರಲ್ಲಿ ಒಬ್ಬರಾದ ರೋಜರ್ ಸ್ಟೈನ್ ಇಂಥ ಪದರಗಳಿಗೆ ರೇಟಿಂಗ್ ಕೊಡೋ ಮೂಡೀಸ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಬೆಂಕಿ ಎಲ್ಲಿ ಹತ್ತಿತು ಅಂತ ಹತ್ತಿರದಿಂದ ಬಲ್ಲವರು ಅನ್ನಬಹುದು, ಅದೇ ಬೆಂಕಿಕಡ್ಡಿ ಮತ್ತೆ ಹಿಡಿದವರು ಅಂತಲೂ ಅನ್ನಬಹುದು. ನನಗೆ ಎರಡೂ ಸರಿ ಅನ್ನಿಸುತ್ತೆ.

2008ರಲ್ಲಿ ತಪ್ಪಾಗಿದ್ದು ಏನು? ಕಾರಣ ಹಲವು, ಆದರೆ ಗಣಿತದ ಕಡೆಯಿಂದ ನೋಡಿದರೆ ದೊಡ್ಡದು ಒಂದು. ಒಂದು ಊರಲ್ಲಿ ಮನೆ ಬೆಲೆ ಬಿದ್ದರೂ ಎಲ್ಲ ಊರುಗಳಲ್ಲೂ ಒಟ್ಟಿಗೆ ಬೀಳಲ್ಲ ಅಂತ ನಂಬಿದ್ದರು. ಬಿತ್ತು. ಬೋರ್‌ವೆಲ್ ಭಾಷೆಯಲ್ಲಿ ಹೇಳೋದಾದರೆ, ಇಪ್ಪತ್ತು ಬೋರೂ ಬೇರೆ ಬೇರೆ ಅಂದ್ಕೊಂಡಿದ್ದರು, ನೋಡಿದರೆ ಎಲ್ಲ ಒಂದೇ ಬತ್ತಿದ ಸೆಲೆಯ ಮೇಲೆ ಕೊರೆದಿದ್ದವು.

ಔಷಧಿಗಳಲ್ಲೂ ಇದು ಆಗಬಹುದು. ಎಷ್ಟು ಪರಿಣಾಮ ಅಂತ ನಾನೊಂದು ಲೆಕ್ಕ ಹಾಕಿದೆ, ಗಮನ ಇಟ್ಟು ಕೇಳಿ. ಒಂದೇ ಔಷಧಿಯ ಲಾಭದ ಏರಿಳಿತವನ್ನ 100 ಅಂತ ಇಟ್ಕೊಳ್ಳಿ. ಒಂದಕ್ಕೊಂದು ಸಂಬಂಧವೇ ಇಲ್ಲದ 150 ಔಷಧಿ ಸೇರಿಸಿದರೆ ಅದು 8ರ ಹತ್ತಿರಕ್ಕೆ ಇಳಿಯುತ್ತೆ. ಅದ್ಭುತ. ಈಗ ಅವುಗಳ ನಡುವೆ ಸ್ವಲ್ಪವೇ ಸಂಬಂಧ ಇದೆ ಅನ್ನಿ, ಸಂಖ್ಯಾಶಾಸ್ತ್ರದವರ ಅಳತೆಯಲ್ಲಿ 0.1. ಕಣ್ಣಿಗೆ ಕಾಣದಷ್ಟು ಸಣ್ಣದು. ಏರಿಳಿತ 8 ಇದ್ದದ್ದು 33ರ ಹತ್ತಿರಕ್ಕೆ ಹಾರುತ್ತೆ, ನಾಲ್ಕುಪಟ್ಟು. ಸರಿ, ಇನ್ನೂ ಸಾವಿರ ಔಷಧಿ ಸೇರಿಸೋಣ ಅಂತೀರಾ? ಲಕ್ಷ ಸೇರಿಸಿದರೂ 31ರ ಕೆಳಗೆ ಬರಲ್ಲ. ನೆಲ ಸಿಕ್ಕಿಬಿಟ್ಟಿದೆ. ಹೆಚ್ಚು ಸೇರಿಸಿದಷ್ಟೂ ಭದ್ರ ಅನ್ನೋ ಮಾತು, ಅವು ಬೇರೆ ಬೇರೆಯಾಗಿ ಇದ್ದರೆ ಮಾತ್ರ ನಿಜ. ಸಿಮ್ಯುಲೇಷನ್‌ಗೆ 0 ಕೊಟ್ಟರೆ ಅದು 8 ಅನ್ನುತ್ತೆ, 0.1 ಕೊಟ್ಟರೆ 33 ಅನ್ನುತ್ತೆ. ಎರಡನ್ನೂ ಅಷ್ಟೇ ಗಂಭೀರವಾಗಿ, ಅಷ್ಟೇ ಚಂದದ ಗ್ರಾಫ್ ಹಾಕಿ ತೋರಿಸುತ್ತೆ.

ಇದು ಬರೀ ಸಿದ್ಧಾಂತ ಅಲ್ಲ. ಅಲ್ಝೈಮರ್ ನೋಡಿ. ಎಷ್ಟೋ ವರ್ಷ ಹಲವು ಕಂಪನಿಗಳು ಅಮಿಲಾಯ್ಡ್ ಅನ್ನೋ ಒಂದೇ ಪ್ರೋಟೀನ್‌ನ ಹಿಂದೆ ಬಿದ್ದಿದ್ದವು. ಔಷಧಿಯ ಹೆಸರು ಬೇರೆ, ಕಂಪನಿ ಬೇರೆ, ನಂಬಿಕೆ ಒಂದೇ. ಹಾಗಾಗಿ ಒಂದು ಸೋತಾಗ ಉಳಿದವಕ್ಕೂ ನಡುಕ. 2014ರಲ್ಲಿ ಲೋ ಮತ್ತು ಅಲ್ಝೈಮರ್ ತಜ್ಞರು ಸೇರಿ ಆ ರೋಗಕ್ಕೆ ಇದೇ ಮೆಗಾಫಂಡ್ ಲೆಕ್ಕ ಮಾಡಿದರು. ಅಲ್ಲಿ ಖಾಸಗಿ ಹೂಡಿಕೆದಾರರಿಗೆ ಒಪ್ಪೋ ಲಾಭ ಬರಲಿಲ್ಲ, ಸರ್ಕಾರದ ದುಡ್ಡು ಸೇರಲೇಬೇಕು ಅಂತ ಬರೆದರು. ತನ್ನ ಐಡಿಯಾ ಎಲ್ಲಿ ಕೆಲಸ ಮಾಡಲ್ಲ ಅಂತ ತಾನೇ ಪ್ರಕಟಿಸೋ ಫೈನಾನ್ಸ್‌ನವರು ಕಡಿಮೆ. ಆ ಒಂದು ಕಾರಣಕ್ಕೆ ನಾನು ಇವರ ಉಳಿದ ಪ್ರಬಂಧಗಳನ್ನೂ ಹುಡುಕಿ ಓದಿದೆ.

ಅದೇ ವರ್ಷ ಇನ್ನೊಂದು ಪ್ರಬಂಧ ಅಪರೂಪದ ಕಾಯಿಲೆಗಳ ಬಗ್ಗೆ ಬಂತು. ಅಲ್ಲಿ ಕತೆ ಉಲ್ಟಾ. ಇಂಥ ಎಷ್ಟೋ ಕಾಯಿಲೆಗಳಿಗೆ ಕಾರಣ ಒಂದೇ ಜೀನ್‌ನ ದೋಷ. ಒಂದು ಕಾಯಿಲೆಯ ಜೀನ್‌ಗೂ ಇನ್ನೊಂದರದ್ದಕ್ಕೂ ಸಂಬಂಧ ಇರಲ್ಲ, ಅಂದ್ರೆ ಬೋರ್‌ಗಳು ನಿಜವಾಗಲೂ ಬೇರೆ ಬೇರೆ ಊರಲ್ಲಿವೆ. ಪರೀಕ್ಷೆಗೆ ಬೇಕಾದ ರೋಗಿಗಳೂ ಕಡಿಮೆ. ಹಾಗಾಗಿ ಸಾವಿರಾರು ಕೋಟಿ ಡಾಲರ್ ಬೇಡ, ಅದಕ್ಕಿಂತ ತುಂಬ ಚಿಕ್ಕ ಫಂಡ್ ಸಾಕು ಅನ್ನೋ ಉತ್ತರ ಬಂತು. ಆದರೆ ನಾನು ಆಗಲೇ ಹೇಳಿದ 2019ರ ಪ್ರಬಂಧದಲ್ಲಿ ಇದೇ ತಂಡ ಲೆಕ್ಕ ಹಾಕಿದಾಗ, ಅಪರೂಪದ ಕಾಯಿಲೆಗಳ ಔಷಧಿ ಗೆಲ್ಲೋ ಸಾಧ್ಯತೆ ಶೇ 6.2 ಮಾತ್ರ ಇತ್ತು. ಆ ಪಟ್ಟಿಯಲ್ಲಿ ಹೆಚ್ಚಿನವು ಅಪರೂಪದ ಕ್ಯಾನ್ಸರ್‌ಗಳೇ ಆಗಿದ್ದವು ಅನ್ನೋದು ಕಾರಣ. ‘ಅಪರೂಪ’ ಅನ್ನೋ ಒಂದೇ ಪದದೊಳಗೆ ಎರಡು ಬೇರೆ ಬೇರೆ ಪ್ರಪಂಚ ಇವೆ. ಯಾವುದನ್ನ ಬುಟ್ಟಿಗೆ ಹಾಕ್ತೀರ ಅನ್ನೋದರ ಮೇಲೆ ಲೆಕ್ಕ ನಿಲ್ಲುತ್ತೆ.

ಇದೆಲ್ಲ ಪೇಪರಿನಲ್ಲೇ ಉಳೀತಾ? ಇಲ್ಲ. 2015ರಲ್ಲಿ ನೀಲ್ ಕುಮಾರ್ ನೇತೃತ್ವದಲ್ಲಿ ಬ್ರಿಡ್ಜ್‌ಬಯೊ ಅನ್ನೋ ಕಂಪನಿ ಶುರುವಾಯಿತು, ಲೋ ಅದರ ಸಹಸ್ಥಾಪಕರು. ಜೀನ್ ದೋಷದಿಂದ ಬರೋ ಕಾಯಿಲೆಗಳಿಗೆ ಒಂದೊಂದು ಮರಿ ಕಂಪನಿ, ಎಲ್ಲಕ್ಕೂ ಮೇಲೆ ಒಂದು ತಾಯಿ ಕಂಪನಿ. 2019ರಲ್ಲಿ ಷೇರುಪೇಟೆಗೆ ಬಂತು. 2021ರ ಫೆಬ್ರವರಿಯಲ್ಲಿ, ಹಸುಗೂಸುಗಳನ್ನೇ ಬಲಿ ತಗೊಳ್ಳೋ ತೀರಾ ವಿರಳವಾದ ಒಂದು ಚಯಾಪಚಯ ಕಾಯಿಲೆಗೆ ಅದರ ಔಷಧಿ ನುಲಿಬ್ರಿಗೆ ಅಮೆರಿಕದ ಎಫ್‌ಡಿಎ ಅನುಮತಿ ಸಿಕ್ಕಿತು. ಒಂಟಿ ಔಷಧಿಯಾಗಿ ಇದಕ್ಕೆ ದುಡ್ಡು ಹಾಕೋರನ್ನ ಹುಡುಕೋದು ಎಷ್ಟು ಕಷ್ಟ ಇತ್ತು ಅಂತ ಊಹಿಸಿಕೊಳ್ಳಿ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಏಟು ಬಿತ್ತು. ಕಂಪನಿಯ ದೊಡ್ಡ ಭರವಸೆ ಅಕೊರಾಮಿಡಿಸ್, ಹೃದಯದ ಸ್ನಾಯುವಿನಲ್ಲಿ ಒಂದು ಪ್ರೋಟೀನ್ ಕಟ್ಟಿಕೊಳ್ಳೋ ಕಾಯಿಲೆಗೆ. ಹನ್ನೆರಡು ತಿಂಗಳಾದ ಮೇಲೆ, ರೋಗಿಗಳು ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ಅಳೆದರು. ಔಷಧಿ ತಗೊಂಡವರಿಗೂ ಹುಸಿ ಮಾತ್ರೆ ತಗೊಂಡವರಿಗೂ ವ್ಯತ್ಯಾಸ ಸಿಗಲಿಲ್ಲ, ಹುಸಿ ಮಾತ್ರೆಯವರೂ ನಿರೀಕ್ಷೆಗಿಂತ ಚೆನ್ನಾಗಿ ನಡೆದಿದ್ದರು. ಒಂದೇ ದಿನದಲ್ಲಿ ಷೇರಿನ ಬೆಲೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಕುಸಿಯಿತು. ಹತ್ತಾರು ಔಷಧಿ ಇದ್ದ ಬುಟ್ಟಿ ಅದು! ಗಂಟು ಕಟ್ಟಿದರೆ ಭದ್ರ ಅಂದಿದ್ದು ಎಲ್ಲಿ ಹೋಯ್ತು? ಲೆಕ್ಕದಲ್ಲಿ 150ಕ್ಕೂ ಸಮಪಾಲು ಇತ್ತು. ಇಲ್ಲಿ ಪೇಟೆಯವರು ಕಟ್ಟಿದ್ದ ಬೆಲೆಯ ಬಹುಪಾಲು ಒಂದೇ ಔಷಧಿಯ ತಲೆ ಮೇಲೆ ಕೂತಿತ್ತು. ಹೆಸರಿಗೆ ಬುಟ್ಟಿ, ತೂಕದಲ್ಲಿ ಒಂದೇ ಹಲಸಿನಹಣ್ಣು.

ಕಂಪನಿ ಖರ್ಚು ಕಡಿತ ಮಾಡಿತು, ಆದರೆ ಪರೀಕ್ಷೆ ನಿಲ್ಲಿಸಲಿಲ್ಲ. 2023ರ ಜುಲೈನಲ್ಲಿ ಮೂವತ್ತು ತಿಂಗಳ ಫಲಿತಾಂಶ ಬಂತು. ಸಾವು, ಆಸ್ಪತ್ರೆ ಸೇರೋದು ಮೊದಲಾದವನ್ನ ಸೇರಿಸಿ ಅಳೆದಾಗ ಔಷಧಿ ಗೆದ್ದಿತ್ತು. 2024ರ ನವೆಂಬರ್‌ನಲ್ಲಿ ಎಫ್‌ಡಿಎ ಅನುಮತಿ ಕೊಟ್ಟಿತು. ಒಂದೇ ಔಷಧಿಯ ಪುಟ್ಟ ಕಂಪನಿ ಆಗಿದ್ದರೆ ನಡುವಿನ ಆ ಎರಡು ವರ್ಷ ದಾಟೋಕೆ ಆಗ್ತಿತ್ತಾ? ನನ್ನ ಅನುಮಾನ, ಇಲ್ಲ. ಸಾಲ ಕೊಟ್ಟವರು ಕಾಯೋ ಹಾಗಿದ್ದದ್ದು, ಮಾರೋಕೆ ಬೇರೆ ಔಷಧಿಗಳಿದ್ದದ್ದು ಉಪಯೋಗಕ್ಕೆ ಬಂತು.

ಇಷ್ಟು ಹೊತ್ತು ನಾವು ಮಾತಾಡಿದ್ದು ದುಡ್ಡು ಹಾಕೋರ ಕಡೆಯಿಂದ. ಔಷಧಿ ಕೊಳ್ಳೋರ ಕಡೆಗೂ ಒಮ್ಮೆ ಬರೋಣ. ಆ 1,230 ಕೋಟಿ ಡಾಲರ್ ಎಲ್ಲಿಂದ ಬರುತ್ತೆ ಹೇಳಿ? ಔಷಧಿಯ ಬೆಲೆಯಿಂದ, ಅದೂ ಮುಖ್ಯವಾಗಿ ಅಮೆರಿಕದ ಬೆಲೆಯಿಂದ. ನಮ್ಮ ಫೋನಿಗೂ ಆ ಬೆಲೆ ವಾಟ್ಸ್ಆ್ಯಪ್ ಮೆಸೇಜ್ ಆಗಿ ಬಂದಿದೆ: ಸ್ಪೈನಲ್ ಮಸ್ಕ್ಯುಲರ್ ಅಟ್ರೊಫಿ ಇರೋ ಮಗುವಿನ ಫೋಟೊ, ‘16 ಕೋಟಿ ರೂಪಾಯಿಯ ಇಂಜೆಕ್ಷನ್’, ಕೆಳಗೆ ಕ್ಯೂಆರ್ ಕೋಡ್. ಆ ಜೀನ್ ಚಿಕಿತ್ಸೆಗೆ 2019ರಲ್ಲಿ ಅಮೆರಿಕದಲ್ಲಿ ಇಟ್ಟ ಬೆಲೆ 21.25 ಲಕ್ಷ ಡಾಲರ್. ಭಾರತದ ಅಪರೂಪದ ಕಾಯಿಲೆಗಳ ನೀತಿ, 2021ರದ್ದು, ಒಬ್ಬ ರೋಗಿಗೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತೆ. ಅದಕ್ಕೆ ಗುರುತಿಸಿದ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿ, ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಜೊತೆಯಾಗಿ. 50 ಲಕ್ಷಕ್ಕೂ 16 ಕೋಟಿಗೂ ನಡುವೆ ಇರೋದನ್ನ ಅಪ್ಪ ಅಮ್ಮ ಕ್ಯೂಆರ್ ಕೋಡ್‌ನಿಂದ ತುಂಬಿಸಬೇಕು.

ಕೊಳ್ಳೋ ಕಡೆಯಲ್ಲೂ ಕೂತು ಲೆಕ್ಕ ಹಾಕೋರು ಇದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಬ್ರಿಟನ್‌ನ ನೈಸ್ ಅನ್ನೋ ಸಂಸ್ಥೆ ಹೊಸ ಔಷಧಿಯನ್ನ ಸರ್ಕಾರಿ ದುಡ್ಡಲ್ಲಿ ಕೊಡಬೇಕಾ ಅಂತ ತೀರ್ಮಾನಿಸುತ್ತೆ. ಪೂರ್ಣ ಆರೋಗ್ಯದ ಒಂದು ವರ್ಷ ಹೆಚ್ಚಿಸೋಕೆ 20,000ದಿಂದ 30,000 ಪೌಂಡ್ ಅನ್ನೋದು ಬಹುಕಾಲ ಅವರ ಅಳತೆಗೋಲಾಗಿತ್ತು. ನಮ್ಮಲ್ಲೂ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯ ಕೆಳಗೆ ಎಚ್‌ಟಿಎಇನ್ ಅನ್ನೋ ವ್ಯವಸ್ಥೆ ಇದೆ, ಔಷಧಿ, ಉಪಕರಣ, ತಪಾಸಣೆಗಳ ಬೆಲೆಗೂ ಪ್ರಯೋಜನಕ್ಕೂ ತಾಳೆ ನೋಡೋಕೆ. ಅವರು ಬಳಸೋ ವಿಧಾನ ಯಾವುದು ಗೊತ್ತಾ? ಅದೇ ಚೌಕಾಬಾರ, ಅದೇ ಮಾಂಟೆ ಕಾರ್ಲೊ. ಮನೆಗಳ ಹೆಸರು ಮಾತ್ರ ಬೇರೆ. ಹೂಡಿಕೆದಾರರ ಆಟದಲ್ಲಿ ಮನೆಯಿಂದ ಮನೆಗೆ ಹೋಗೋದು ಔಷಧಿ. ಇಲ್ಲಿ ಮನೆಯಿಂದ ಮನೆಗೆ ಹೋಗೋದು ರೋಗಿ: ಆರೋಗ್ಯ, ಕಾಯಿಲೆ, ತೀವ್ರ ಕಾಯಿಲೆ, ಸಾವು. ಒಂದು ಆಟದಲ್ಲಿ ಔಷಧಿಯ ಬೆಲೆ ಏರಿದಷ್ಟೂ ಫಲಿತಾಂಶ ಚೆನ್ನಾಗಿರುತ್ತೆ, ಇನ್ನೊಂದರಲ್ಲಿ ಅದೇ ಬೆಲೆ ಏರಿದಷ್ಟೂ ಕೆಡುತ್ತೆ.

ಎರಡನೇ ಆಟ ಹೇಗೆ ಆಡ್ತಾರೆ, ಒಂದು ವರ್ಷದ ಆರೋಗ್ಯಕ್ಕೆ ಬೆಲೆ ಕಟ್ಟೋದು ಯಾರು, ಅದು ಮುಂದಿನ ಸಂಚಿಕೆಗೆ. ಚೀಟಿ ಎತ್ತಿಯೋ, ಸ್ಪ್ರೆಡ್‌ಶೀಟ್‌ನಲ್ಲೋ ಮಾಡಿ ನೋಡಿದರೆ ನೂರೈವತ್ತರಲ್ಲಿ ನಿಮಗೆ ಎಷ್ಟು ಗೆದ್ದವು ಅಂತ ಕಳಿಸಿ. ಸೊನ್ನೆ ಬಂದವರು ಸಿಕ್ಕರೆ ಅವರ ಹೆಸರನ್ನ ಮೊದಲು ಓದ್ತೀನಿ.